ಹೂವಿನ ಹೆಸರಿನ ಹಡಗು, ಹೆಸರಿಲ್ಲದ ಮಂದಿ

ನಮ್ಮ ವಿಜಯಪುರದ ಷೇರ್ಜಾ ಬುರುಜಿನ ಮೇಲೆ ಕೂತಿರೋ ತೋಪಿನ ಹೆಸರು ಮಲಿಕ್-ಎ-ಮೈದಾನ್. ಅಂದರೆ ರಣರಂಗದ ಒಡೆಯ. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದದ್ದು, ತೂಕ ಸುಮಾರು 55 ಟನ್. ಬಾಯಿಯ ಕಡೆ ಸಿಂಹದಂಥ ಮುಖ, ಅದರ ಹಲ್ಲಿನ ಸಂದಿಯಲ್ಲಿ ಸಿಕ್ಕಿಬಿದ್ದ ಆನೆ. ಆಯುಧದ ಹೆಸರು ಕೇಳಿದರ ಸಾಕು, ಎದುರಿಗಿದ್ದಾಂವ ಅರ್ಧ ಸೋತಿರಬೇಕು ಅನ್ನೋದು ಆ ಕಾಲದ ಲೆಕ್ಕ. ಈ ಕಾಲದ ಲೆಕ್ಕವೂ ಬಹಳ ಬದಲಾಗಿಲ್ಲ. ನಮ್ಮ ನೌಕಾಪಡೆ ತನ್ನ ಕಾರ್ವೆಟ್‌ಗಳಿಗೆ ಇಟ್ಟ ಹೆಸರು ನೋಡಿ: ಖುಕ್ರಿ, ಕಿರ್ಪಾಣ್, ಕುಠಾರ್, ಖಂಜರ್. ಎಲ್ಲವೂ ಕೊಯ್ಯುವಂಥವೇ.

ಇಂಥ ತೋಪಿನ ಊರಿನಲ್ಲಿ ಕೂತು ಎರಡನೇ ಮಹಾಯುದ್ಧದ ಬ್ರಿಟಿಷ್ ನೌಕಾಪಡೆಯ ಪಟ್ಟಿ ಓದಿದರೆ ನಗು ಬರುತ್ತದೆ. ಯುದ್ಧನೌಕೆಯ ಹೆಸರು ಬ್ಲೂಬೆಲ್. ಇನ್ನೊಂದು ಗ್ಲಾಡಿಯೋಲಸ್. ಮತ್ತೊಂದು ಸನ್‌ಫ್ಲವರ್, ಅಂದರೆ ನಮ್ಮ ಎರಿಹೊಲದ ಸೂರ್ಯಕಾಂತಿ. ಮಗದೊಂದು ಮಾರಿಗೋಲ್ಡ್, ದಸರಾದಲ್ಲಿ ಲಾರಿಗೂ ಟ್ರ್ಯಾಕ್ಟರಿಗೂ ಮಾಲೆ ಕಟ್ಟುತ್ತೇವಲ್ಲ, ಆ ಚೆಂಡುಹೂ. ಆದರೆ ನಗು ಬಹಳ ಹೊತ್ತು ಉಳಿಯುವುದಿಲ್ಲ. ಈ ಚೆಂಡುಹೂ 1941ರ ನವೆಂಬರಿನಲ್ಲಿ ಯು-433 ಎಂಬ ಜರ್ಮನ್ ಸಬ್‌ಮರೀನನ್ನು ಮುಳುಗಿಸಿತು. ಮರುವರ್ಷ ತಾನೇ ಮುಳುಗಿತು. ಗ್ಲಾಡಿಯೋಲಸ್ 1941ರ ಅಕ್ಟೋಬರಿನಲ್ಲಿ ಅಟ್ಲಾಂಟಿಕ್‌ನಲ್ಲಿ ಕಾಣೆಯಾಯಿತು. ಅದರಲ್ಲಿದ್ದವರು ಒಬ್ಬರೂ ಉಳಿಯಲಿಲ್ಲ.

ಈ ಹಡಗುಗಳನ್ನು ಒಟ್ಟಾಗಿ ಫ್ಲವರ್-ಕ್ಲಾಸ್ ಕಾರ್ವೆಟ್ ಅಂತಾರೆ. ಇನ್ನೂರೈವತ್ತಕ್ಕೂ ಹೆಚ್ಚು ಕಟ್ಟಿದರು. ಹೆಸರಿನ ಹಿಂದೆ ಕಾವ್ಯವೇನೂ ಇರಲಿಲ್ಲ. ಮೊದಲ ಮಹಾಯುದ್ಧದಲ್ಲೂ ಒಂದು ಜಾತಿಯ ಹಡಗುಗಳಿಗೆ ಹೂವಿನ ಹೆಸರಿಟ್ಟಿದ್ದರು, ಅದೇ ಪದ್ಧತಿ ಮುಂದುವರಿಯಿತು. ಒಮ್ಮೆಲೇ ನೂರಾರು ಹೆಸರು ಬೇಕಾದಾಗ ತೋಟಗಾರಿಕೆಯ ಪುಸ್ತಕ ಸುಲಭದ ದಾರಿ. ಮೀಟಿಂಗ್ ರೂಮುಗಳಿಗೆ ಕಾವೇರಿ, ತುಂಗಾ, ಶರಾವತಿ ಅಂತ ಬೋರ್ಡು ಹಾಕುವ ನಮ್ಮ ಆಫೀಸಿನವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಕಾವೇರಿಯೊಳಗೆ ಅಪ್ರೈಸಲ್‌ಗೆ ಕೂತವನಿಗೆ ನದಿ ನೆನಪಾಗುವುದಿಲ್ಲ.

ಹೆಸರಿನ ಒಳಗೆ ಕೂತವರ ಕಥೆ ಹೇಳಿದ್ದಕ್ಕೇ ನನಗೆ ‘ದಿ ಕ್ರೂಯೆಲ್ ಸೀ’ ಮುಖ್ಯ ಅನ್ನಿಸುವುದು. ನಿಕೊಲಸ್ ಮೊನ್ಸರಾಟ್ 1951ರಲ್ಲಿ ಬರೆದ ಕಾದಂಬರಿ ಇದು. 1953ರಲ್ಲಿ ಈಲಿಂಗ್ ಸ್ಟುಡಿಯೋಸ್ ಚಾರ್ಲ್ಸ್ ಫ್ರೆಂಡ್ ನಿರ್ದೇಶನದಲ್ಲಿ ಇದನ್ನು ಸಿನಿಮಾ ಮಾಡಿತು. ಮೊನ್ಸರಾಟ್ ಸ್ವತಃ ಕ್ಯಾಂಪಾನುಲಾ ಎಂಬ ಕಾರ್ವೆಟ್‌ನಲ್ಲಿ ದುಡಿದವನು. ಕಥೆಯ ಹಡಗಿಗೆ ಆತ ಇಟ್ಟ ಹೆಸರು ಕಾಂಪಸ್ ರೋಸ್. ಅದು ತೋಟದ ಹೂವಲ್ಲ, ದಿಕ್ಸೂಚಿಯ ಮೇಲೆ ಬರೆದಿರುವ ಹೂವಿನಂಥ ಚಿತ್ರ. ಸಿನಿಮಾದಲ್ಲಿ ಆ ಪಾತ್ರ ಮಾಡಿದ್ದು ಕೊರಿಯಾಪ್ಸಿಸ್ ಎಂಬ ನಿಜವಾದ ಹೂವಿನ ಹಡಗು. ಗ್ರೀಕ್ ನೌಕಾಪಡೆಯಲ್ಲಿ ದುಡಿದು ಬಂದಿದ್ದ ಅದನ್ನು ಗುಜರಿಗೆ ಹಾಕುವ ಮೊದಲು ಹಿಡಿದು ತಂದು ನಟನೆ ಮಾಡಿಸಿದರು. ಹೀಗಾಗಿ ಪರದೆಯ ಮೇಲೆ ನೀವು ನೋಡುವ ತುಕ್ಕು, ಇಕ್ಕಟ್ಟು, ಒದ್ದೆ, ಎಲ್ಲವೂ ಅಸಲಿ.

ಹಡಗಿನ ಬಗ್ಗೆ ಸ್ವಲ್ಪ ಗೊತ್ತಿದ್ದರೆ ಸಿನಿಮಾ ಇನ್ನೂ ಚೆನ್ನಾಗಿ ಹಿಡಿಯುತ್ತದೆ. ಉದ್ದ 205 ಅಡಿ. ನಕ್ಷೆ ತಯಾರಾದದ್ದು ತಿಮಿಂಗಿಲ ಬೇಟೆಯ ಹಡಗಿನ ಮಾದರಿಯ ಮೇಲೆ, ಯಾಕಂದರೆ ಅದನ್ನು ಸಣ್ಣ ಕಟ್ಟೆಗಳಲ್ಲೂ ಬೇಗ, ಅಗ್ಗವಾಗಿ ಕಟ್ಟಬಹುದಿತ್ತು. ವೇಗ 16 ನಾಟ್. ಅದು ಬೆನ್ನಟ್ಟಬೇಕಾದ ಸಬ್‌ಮರೀನ್ ನೀರಿನ ಮೇಲೆ ಬಂದರೆ ಅದಕ್ಕಿಂತ ಜೋರು ಓಡುತ್ತಿತ್ತು. ನಲವತ್ತು–ಐವತ್ತು ಜನಕ್ಕೆಂದು ಯೋಚಿಸಿದ್ದ ಜಾಗದಲ್ಲಿ ಕೊನೆಗೆ 85ರಷ್ಟು ಜನ. ಒದ್ದೆ ಹುಲ್ಲಿನ ಮೇಲೆ ಇಟ್ಟರೂ ಹೊರಳಾಡುವ ಹಡಗು ಅಂತ ನಾವಿಕರು ಗೇಲಿ ಮಾಡುತ್ತಿದ್ದರು. ಮೊದಮೊದಲಿನ ಹಡಗುಗಳಲ್ಲಿ ಅಡುಗೆಮನೆ ಹಿಂದೆ, ಮಂದಿ ಮಲಗುವುದು ಮುಂದೆ, ನಡುವೆ ತೆರೆದ ಡೆಕ್ಕು. ಅಟ್ಲಾಂಟಿಕ್ ಚಳಿಯಲ್ಲಿ ಆ ಡೆಕ್ಕು ದಾಟಿ ತಟ್ಟೆ ತರುವಷ್ಟರಲ್ಲಿ ಊಟ ತಣ್ಣಗಾಗಿ, ಮೇಲೊಂದಿಷ್ಟು ಸಮುದ್ರದ ಉಪ್ಪು ಬೆರೆತಿರುತ್ತಿತ್ತು. ಕಾಗದದ ಮೇಲೆ ಹೂವು, ಒಳಗೆ ಇಂಥ ಬದುಕು.

ಇದರಲ್ಲಿ ಹೋದವರು ಯಾರು? ಇಲ್ಲೇ ಕಾದಂಬರಿ ನಮ್ಮಂಥವರ ಹತ್ತಿರ ಬರುತ್ತದೆ. ಕ್ಯಾಪ್ಟನ್ ಎರಿಕ್ಸನ್ ಒಬ್ಬನೇ ಸಮುದ್ರ ಬಲ್ಲವನು, ವ್ಯಾಪಾರಿ ಹಡಗಿನಿಂದ ಬಂದವನು. ಲಾಕ್‌ಹಾರ್ಟ್ ಪತ್ರಕರ್ತ. ಮೊರೆಲ್ ವಕೀಲ. ಫೆರಬಿ ಬ್ಯಾಂಕ್ ಗುಮಾಸ್ತ. ಇಪ್ಪತ್ತು–ಮೂವತ್ತರ ಆಸುಪಾಸಿನ ನಗರದ ನೌಕರದಾರರು. ಕೆಲವೇ ವಾರಗಳ ತರಬೇತಿ, ಆಮೇಲೆ ನೇರ ಅಟ್ಲಾಂಟಿಕ್. ಅವರಿಗೆ ಕೆಲಸ ಹೇಳಲು ಬೆನೆಟ್ ಎಂಬ ಫಸ್ಟ್ ಲೆಫ್ಟಿನೆಂಟ್: ಕಿರುಚುತ್ತಾನೆ, ಅವಮಾನ ಮಾಡುತ್ತಾನೆ, ತಾನು ಮಾತ್ರ ಕೆಲಸ ಮಾಡುವುದಿಲ್ಲ. ಇಂಥ ಮ್ಯಾನೇಜರನ ಕೈಕೆಳಗೆ ದುಡಿಯದವರು ನಿಮ್ಮಲ್ಲಿ ಯಾರಾದರೂ ಇದ್ದರೆ ಪುಣ್ಯವಂತರು ಬಿಡ್ರಿ. ಕೊನೆಗೆ ಹೊಟ್ಟೆಹುಣ್ಣಿನ ನೆಪದಲ್ಲಿ ಆತ ದಂಡೆಗೆ ಹೋಗಿ ಉಳಿಯುತ್ತಾನೆ, ಹಡಗಿನವರು ನಿಟ್ಟುಸಿರು ಬಿಡುತ್ತಾರೆ. ಸ್ಟ್ಯಾನ್ಲಿ ಬೇಕರ್ ಈ ಪಾತ್ರ ಮಾಡಿದ ರೀತಿಗೆ ನಗುವೂ ಬರುತ್ತದೆ, ಮೈಯೂ ಉರಿಯುತ್ತದೆ. ಈ ಬೆನೆಟ್‌ನನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತಾನೆ.

ಸಿನಿಮಾದ ನಡುವೆ ಒಂದು ದೃಶ್ಯ ಇದೆ. ಟಾರ್ಪೆಡೋ ಬಿದ್ದ ಹಡಗಿನ ಮಂದಿ ನೀರಿನಲ್ಲಿ ತೇಲುತ್ತಿದ್ದಾರೆ. ಕಾಂಪಸ್ ರೋಸ್ ಬರುವುದನ್ನು ನೋಡಿ ಬದುಕಿದೆವು ಅಂದುಕೊಂಡಿದ್ದಾರೆ. ಅಷ್ಟರಲ್ಲಿ ಶಬ್ದದಿಂದ ಸಬ್‌ಮರೀನ್ ಪತ್ತೆ ಮಾಡುವ ಯಂತ್ರ ಸರಿಯಾಗಿ ಅವರ ಕೆಳಗೇ ಏನೋ ಇದೆ ಅನ್ನುತ್ತದೆ. ಡೆಪ್ತ್ ಚಾರ್ಜ್ ಹಾಕಿದರೆ ಆ ಮಂದಿ ಉಳಿಯುವುದಿಲ್ಲ. ಹಾಕದಿದ್ದರೆ ಸಬ್‌ಮರೀನ್ ಇನ್ನಷ್ಟು ಹಡಗು ಮುಳುಗಿಸುತ್ತದೆ. ಎರಿಕ್ಸನ್ ಹಾಕಿಸುತ್ತಾನೆ. ಕೆಳಗೆ ನಿಜವಾಗಿಯೂ ಸಬ್‌ಮರೀನ್ ಇತ್ತೇ? ಗಟ್ಟಿಯಾಗಿ ಯಾರೂ ಹೇಳಲಾರರು. ಆಮೇಲೆ ಜಾಕ್ ಹಾಕಿನ್ಸ್ ಕುಡಿದು ಅಳುತ್ತಾನೆ. ಬ್ರಿಟನ್ ಗೆದ್ದು ಎಂಟೇ ವರ್ಷವಾಗಿದ್ದಾಗ, ಗೆದ್ದ ದೇಶದ ಕ್ಯಾಪ್ಟನ್ ತಮ್ಮವರನ್ನೇ ಕೊಂದು ಅಳುವುದನ್ನು ತೋರಿಸಲು ಧೈರ್ಯ ಬೇಕಿತ್ತು. ಸಿನಿಮಾ ಅವನನ್ನು ಖುಲಾಸೆ ಮಾಡುವುದಿಲ್ಲ, ಶಿಕ್ಷೆಯನ್ನೂ ಕೊಡುವುದಿಲ್ಲ. ಮರುದಿನ ಮತ್ತೆ ಡ್ಯೂಟಿಗೆ ಕಳಿಸುತ್ತದೆ. ಅದೇ ಅವನ ಶಿಕ್ಷೆ.

ಮುಂದೆ ಕಾಂಪಸ್ ರೋಸ್ ಕೂಡ ಮುಳುಗುತ್ತದೆ. ರಾತ್ರಿಯಿಡೀ ತೆಪ್ಪ ಹಿಡಿದುಕೊಂಡು ಉಳಿದವರು ಕೆಲವರೇ. ಐದು ವರ್ಷದ ಯುದ್ಧ ಮುಗಿದಾಗ ಎರಿಕ್ಸನ್ ಮತ್ತು ಲಾಕ್‌ಹಾರ್ಟ್ ಲೆಕ್ಕ ಹಾಕುತ್ತಾರೆ. ಅವರು ಮುಳುಗಿಸಿದ್ದು ಎರಡೇ ಎರಡು ಸಬ್‌ಮರೀನ್.

ನಮ್ಮ ‘ದಿ ಘಾಜಿ ಅಟ್ಯಾಕ್’ (2017) ಜೊತೆ ಇಟ್ಟು ನೋಡಿ. ಸಬ್‌ಮರೀನಿನ ಇಕ್ಕಟ್ಟನ್ನು ಅಷ್ಟು ಚೆನ್ನಾಗಿ ಕಟ್ಟಿದ ಭಾರತೀಯ ಸಿನಿಮಾ ಅದಕ್ಕೂ ಮೊದಲು ಇರಲಿಲ್ಲ, ಆ ಮೆಚ್ಚುಗೆ ಅದಕ್ಕೆ ಸಲ್ಲಲೇಬೇಕು. ಆದರೆ ಮಂದಿಗೆ ಉಸಿರುಗಟ್ಟುವ ಹೊತ್ತಿನಲ್ಲಿ ಅದು ರಾಷ್ಟ್ರಗೀತೆಯ ಮೊರೆ ಹೋಗುತ್ತದೆ. ಅಲ್ಲಿಂದಾಚೆ ಸಿಬ್ಬಂದಿಯ ಮುಖಗಳೆಲ್ಲ ಒಂದೇ ಮುಖವಾಗುತ್ತವೆ. ಅಡುಗೆಯವನು ಯಾರು, ಎಂಜಿನ್ ರೂಮಿನವನು ಮನೆಗೆ ಪತ್ರ ಬರೆದನೇ ಇಲ್ಲವೇ, ಹೆದರಿದವನು ಯಾರು, ಇದ್ಯಾವುದೂ ಚಿತ್ರ ಮುಗಿದಮೇಲೆ ನೆನಪಿನಲ್ಲಿ ಉಳಿಯುವುದಿಲ್ಲ. ಕಾಂಪಸ್ ರೋಸ್‌ನಲ್ಲಿ ಹೆದರಿದವನ ಹೆಸರು ನನಗೆ ಗೊತ್ತು: ಫೆರಬಿ. ಯುದ್ಧದ ಸಿನಿಮಾ ಎಷ್ಟು ಒಳ್ಳೆಯದು ಅಂತ ಅಳೆಯಲು ನನ್ನ ಹತ್ತಿರ ಇದಕ್ಕಿಂತ ಸರಳ ಮಾಪನ ಇಲ್ಲ. ಎಷ್ಟು ಜನರ ಹೆಸರು ನೆನಪಲ್ಲಿ ಉಳಿಯಿತು?

ಇದೇ ಮಾಪನವನ್ನು ‘ದಿ ಕ್ರೂಯೆಲ್ ಸೀ’ ಮೇಲೂ ಇಡಬೇಕಲ್ಲ. ಮೊದಲ ಕೊರತೆ ಎದ್ದು ಕಾಣುವುದು ಹೆಂಗಸರ ವಿಷಯದಲ್ಲಿ. ಕಥೆಯ ಹೆಂಗಸರು ಒಂದೋ ಕಾಯುತ್ತಾರೆ, ಇಲ್ಲವೇ ಮೋಸ ಮಾಡುತ್ತಾರೆ. ನೌಕಾಪಡೆಯಲ್ಲೇ ಕೆಲಸ ಮಾಡುವ ಜೂಲಿ ಹ್ಯಾಲಮ್ ಒಬ್ಬಳೇ ಬೇರೆ. ಕಾದಂಬರಿಯಲ್ಲಿ ಅವಳೂ ಯುದ್ಧದ ನಡುವೆಯೇ ನೀರುಪಾಲಾಗುತ್ತಾಳೆ. ಸಮುದ್ರಕ್ಕೆ ಗಂಡು ಹೆಣ್ಣು ಅನ್ನುವ ಭೇದ ಇಲ್ಲ ಎಂದು ಅಲ್ಲಿ ಗೊತ್ತಾಗುತ್ತದೆ. ಸಿನಿಮಾ ಆ ಸಾವನ್ನು ತೆಗೆದುಹಾಕಿತು. ಪ್ರೇಕ್ಷಕರಿಗೆ ಸ್ವಲ್ಪ ನೆಮ್ಮದಿ ಸಿಕ್ಕಿತು, ಜೂಲಿ ಮಾತ್ರ ಬರೀ ನಾಯಕನ ಹುಡುಗಿಯಾಗಿ ಉಳಿದಳು.

ಎರಡನೇ ಕೊರತೆ ನಮಗೆ ಸಂಬಂಧಪಟ್ಟದ್ದು. ಆಗಿನ ಬ್ರಿಟಿಷ್ ವ್ಯಾಪಾರಿ ಹಡಗುಗಳ ಸಿಬ್ಬಂದಿಯಲ್ಲಿ ಸರಿಸುಮಾರು ನಾಲ್ಕರಲ್ಲೊಬ್ಬರು ಭಾರತದವರು. ಲಸ್ಕರ್ ಅನ್ನುತ್ತಿದ್ದರು. ಸಿಲ್ಹೆಟ್, ಗೋವಾ, ಕೊಂಕಣ, ಪಂಜಾಬಿನ ಕಡೆಯ ಈ ಮಂದಿ ಬಾಯ್ಲರಿಗೆ ಕಲ್ಲಿದ್ದಲು ಎತ್ತುತ್ತಿದ್ದರು, ಅಡುಗೆ ಮಾಡುತ್ತಿದ್ದರು, ಡೆಕ್ಕು ತೊಳೆಯುತ್ತಿದ್ದರು. ಬಿಳಿಯ ನಾವಿಕರಿಗಿಂತ ಬಹಳ ಕಡಿಮೆ ಸಂಬಳ. 1939ರಲ್ಲಿ ಯುದ್ಧ ಶುರುವಾದಾಗ ಅದಕ್ಕಾಗಿ ಮುಷ್ಕರ ಹೂಡಿ ಕೆಲವರು ಜೈಲಿಗೂ ಹೋದರು. ಹೂವಿನ ಹಡಗುಗಳು ಕಾವಲು ಕಾಯುತ್ತಿದ್ದದ್ದು ಇಂಥವರು ದುಡಿಯುತ್ತಿದ್ದ ಹಡಗುಗಳನ್ನೇ. ಅಂದರೆ ಟಾರ್ಪೆಡೋ ಬಿದ್ದ ಮೇಲೆ ನೀರಿನಲ್ಲಿ ಕೈ ಎತ್ತಿ ಕೂಗಿದವರಲ್ಲಿ ಇವರೂ ಇದ್ದರು. ಸಿನಿಮಾದಲ್ಲಿ ಹೆಸರಿಟ್ಟು ಕರೆಯುವ ಪಾತ್ರಗಳಲ್ಲಿ ಇವರೊಬ್ಬರೂ ಇಲ್ಲ.

ಭಾರತೀಯ ನಾವಿಕರು ಹೂವಿನ ಹಡಗನ್ನೂ ಏರಿದರು, ಆದರೆ ತಡವಾಗಿ, ಮತ್ತು ಹೂವಿನ ಹೆಸರು ಅಳಿಸಿದ ಮೇಲೆ. 1945–46ರಲ್ಲಿ ನಾಲ್ಕು ಕಾರ್ವೆಟ್‌ಗಳು ರಾಯಲ್ ಇಂಡಿಯನ್ ನೇವಿಗೆ ಬಂದವು. ಬಗ್ಲಾಸ್ ಎಂಬುದು ಅಸ್ಸಾಂ ಆಯಿತು, ಬರ್ನೆಟ್ ಗೊಂಡ್ವಾನ, ಬೆಟನಿ ಸಿಂಧ್, ಚಾರ್ಲಕ್ ಮರಾಠಾ. ಚಾರ್ಲಕ್ ಅಂದರೆ ಸಾಸಿವೆ ಜಾತಿಯ ಹಳದಿ ಹೂವಿನ ಗಿಡ, ಇಂಗ್ಲೆಂಡಿನ ರೈತರಿಗೆ ಅದು ಹೊಲದ ಕಳೆ. ಕಳೆಯ ಹೆಸರು ಹೋಗಿ ಒಂದು ಇಡೀ ಜನಾಂಗದ ಹೆಸರು ಬಂತು. ಗೌರವ ಹೆಚ್ಚಾದಂತೆ ಕಾಣುತ್ತದೆ. ಆದರೆ ಈ ಹೆಸರನ್ನು ಆರಿಸಿದವರಲ್ಲಿ ಡೆಕ್ಕು ತೊಳೆಯುವವನು ಇರಲಿಲ್ಲ. ಬೆಟನಿಯ ಕಥೆಯಂತೂ ಇನ್ನೂ ವಿಚಿತ್ರ. ಮದ್ದಿನ ಗಿಡವೊಂದರ ಹೆಸರಿನಲ್ಲಿ ಹುಟ್ಟಿ, ಈಗ ಪಾಕಿಸ್ತಾನದಲ್ಲಿರುವ ಪ್ರಾಂತ್ಯದ ಹೆಸರು ಹೊತ್ತು, 1947ರಲ್ಲಿ ಥಾಯ್ಲೆಂಡಿಗೆ ಮಾರಾಟವಾಗಿ ಪ್ರಸೇ ಎಂಬ ನದಿಯ ಹೆಸರು ಪಡೆದು, 1951ರ ಜನವರಿಯಲ್ಲಿ ಕೊರಿಯಾ ಯುದ್ಧದ ಹಿಮಗಾಳಿಯಲ್ಲಿ ದಂಡೆಗೆ ಸಿಕ್ಕಿಕೊಂಡು ನಾಶವಾಯಿತು. ಒಂದೇ ಕಬ್ಬಿಣಕ್ಕೆ ಮೂರು ದೇಶದ ಮೂರು ಹೆಸರು.

ಈಗ ಬೆನೆಟ್‌ಗೆ ಬರೋಣ. ಈ ಹಡಗುಗಳು ನಮ್ಮ ನೌಕಾಪಡೆಗೆ ಬಂದ ಹೊತ್ತಿನಲ್ಲೇ, 1946ರ ಫೆಬ್ರವರಿ 18ರಂದು, ಬಾಂಬೆಯ ತಲ್ವಾರ್‌ನಲ್ಲಿ ನಾವಿಕರು ಊಟ ಬಿಟ್ಟು ಕೂತರು. ಹೆಸರು ತಲ್ವಾರ್, ಆದರೆ ಅದು ಹಡಗೂ ಅಲ್ಲ, ದಂಡೆಯ ಮೇಲಿನ ಸಿಗ್ನಲ್ ತರಬೇತಿ ಕೇಂದ್ರ. ದೂರುಗಳು ಏನು? ತಿನ್ನಲಾಗದ ಊಟ. ಹುಟ್ಟಿನ ಬಗ್ಗೆ, ಬಣ್ಣದ ಬಗ್ಗೆ ಬೈಯುವ ಮೇಲಧಿಕಾರಿ. ಬಿಳಿಯರಿಗೊಂದು ಸಂಬಳ, ನಮಗೊಂದು. ಕೆಲವೇ ದಿನಗಳಲ್ಲಿ 78 ಹಡಗು, ಸುಮಾರು 20,000 ನಾವಿಕರು ಸೇರಿದರು. ಕಾಂಪಸ್ ರೋಸ್‌ನಲ್ಲಿ ತಣ್ಣನೆಯ ಊಟ ಮತ್ತು ಕಿರುಚುವ ಬಾಸ್ ಎರಡೂ ಇದ್ದವು. ಅಲ್ಲಿ ಅವು ತಮಾಷೆ, ಬಾಸ್‌ಗೆ ಹೊಟ್ಟೆಹುಣ್ಣು ಬಂದರೆ ಮುಗಿಯಿತು. ಇಲ್ಲಿ ಬೆನೆಟ್ ದಂಡೆಗೆ ಹೋಗುವ ಜಾತಿಯವನಲ್ಲ, ಏಕೆಂದರೆ ಅವನ ಹಿಂದೆ ಒಂದು ಸಾಮ್ರಾಜ್ಯ ನಿಂತಿತ್ತು. ನಾವಿಕರು ತಮ್ಮ ಸಮಿತಿಗೆ ಮುಷ್ಕರ ಸಮಿತಿ ಅಂತ ಹೆಸರಿಟ್ಟುಕೊಂಡರು. ಸರ್ಕಾರ ಅದಕ್ಕೆ ದಂಗೆ ಅಂದಿತು. ಇತಿಹಾಸದ ಪುಸ್ತಕದಲ್ಲಿ ಉಳಿದದ್ದು ಸರ್ಕಾರ ಇಟ್ಟ ಹೆಸರೇ. ತಲ್ವಾರ್‌ನ ಬಿ.ಸಿ. ದತ್ 1971ರಲ್ಲಿ ತಮ್ಮ ನೆನಪುಗಳನ್ನು ಬರೆದಾಗ ಆ ಶಬ್ದವನ್ನು ಬಿಡಲಿಲ್ಲ, ಅದಕ್ಕೆ ಮುಗ್ಧರು ಅನ್ನುವ ಮಾತು ಸೇರಿಸಿ ‘ಮ್ಯೂಟಿನಿ ಆಫ್ ದಿ ಇನ್ನೊಸೆಂಟ್ಸ್’ ಎಂದು ಕರೆದರು.

ಈ ಮಂದಿಯನ್ನು ರಂಗದ ಮೇಲೆ ತಂದದ್ದು ಉತ್ಪಲ್ ದತ್. ಅವರನ್ನು ‘ಗೋಲ್‌ಮಾಲ್’ನ ಮೀಸೆ ಪ್ರೇಮಿ ಭವಾನಿಶಂಕರನಾಗಿ ಮಾತ್ರ ಬಲ್ಲವರು ಗಮನಿಸಿ. 1965ರಲ್ಲಿ ಕಲ್ಕತ್ತೆಯ ಮಿನರ್ವಾ ರಂಗಮಂದಿರದಲ್ಲಿ ಆಡಿದ ‘ಕಲ್ಲೋಲ್’ ನಾಟಕಕ್ಕೆ ಅವರು ರಂಗದ ಮೇಲೆ ಹಡಗನ್ನೇ ಕಟ್ಟಿದರು. ಆ ವರ್ಷವೇ ಅವರನ್ನು ಜೈಲಿಗೂ ಹಾಕಲಾಯಿತು. ‘ದಿ ಕ್ರೂಯೆಲ್ ಸೀ’ ಮತ್ತು ‘ಕಲ್ಲೋಲ್’ ಎರಡೂ ಒಂದೇ ಕಾಲದ ನಾವಿಕರ ಕಥೆಗಳು. ಒಂದರಲ್ಲಿ ಶತ್ರು ಸಮುದ್ರ, ಇನ್ನೊಂದರಲ್ಲಿ ಬ್ರಿಜ್ ಮೇಲೆ ನಿಂತ ಅಧಿಕಾರಿ. ಮೊನ್ಸರಾಟ್‌ನ ಹಡಗಿನಲ್ಲಿ ಎಲ್ಲರೂ ಒಂದೇ ಕಡೆ ಇದ್ದಾರೆ ಅನ್ನುವ ನಂಬಿಕೆ ಇದೆ. ಆ ನಂಬಿಕೆಯಿಂದಲೇ ಅದರ ಆತ್ಮೀಯತೆ ಹುಟ್ಟಿದೆ, ಅದರ ಕುರುಡುತನವೂ ಅಲ್ಲಿಂದಲೇ ಬಂದಿದೆ. ಒಂದನ್ನು ನೋಡಿ ಇನ್ನೊಂದನ್ನು ಬಿಟ್ಟರೆ ಅರ್ಧ ಹಡಗು ನೋಡಿದ ಹಾಗೆ.

‘ಕುಡಿಯೋ ನೀರಿಗೇ ಟ್ಯಾಂಕರ್ ಕಾಯೋ ಮಂದಿಗೆ ಸಮುದ್ರದ ಚಿಂತಿ ಯಾಕ್ರಿ?’ ಅಂತ ತಿಕೋಟಾದ ದ್ರಾಕ್ಷಿ ಬೆಳೆಗಾರರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಈ ನಾಡಿಗೆ ಒಂದು ಕಾಲಕ್ಕೆ ಸಮುದ್ರ ಇತ್ತು. 1510ರಲ್ಲಿ ಪೋರ್ಚುಗೀಸರು ಕಿತ್ತುಕೊಳ್ಳುವವರೆಗೆ ಗೋವಾ ಆದಿಲ್‌ಶಾಹಿಗಳದ್ದು, ದಾಭೋಳ ಬಂದರು ಆಮೇಲೂ ಅವರ ಕೈಯಲ್ಲಿತ್ತು. 1956ರವರೆಗೆ ಬಿಜಾಪುರ ಜಿಲ್ಲೆ ಇದ್ದದ್ದು ಬಾಂಬೆ ಆಡಳಿತದಲ್ಲಿ, ಅಂದರೆ ತಲ್ವಾರ್ ಇದ್ದ ಊರೇ ನಮ್ಮ ರಾಜಧಾನಿ. 1963ರಲ್ಲಿ ಶುರುವಾದ ಇಲ್ಲಿನ ಸೈನಿಕ ಶಾಲೆಯ ಹುಡುಗರು ಮೂರೂ ಪಡೆಗಳ ಕನಸು ಕಾಣುತ್ತಾ ಬೆಳೆಯುತ್ತಾರೆ. ಇನ್ನೂ ಹತ್ತಿರದ ನಂಟು ಬೇಕೆಂದರೆ, 1943ರಲ್ಲಿ ರಾಯಲ್ ಇಂಡಿಯನ್ ನೇವಿ ಸೇರಿದ ಒಂದು ಯುದ್ಧನೌಕೆಯ ಹೆಸರು ಕಿಸ್ಟ್ನಾ. ಬ್ರಿಟಿಷರ ನಾಲಿಗೆಯಲ್ಲಿ ನುಗ್ಗಾದ ನಮ್ಮ ಕೃಷ್ಣೆ. ಸ್ವಾತಂತ್ರ್ಯದ ಮೇಲೂ ಐಎನ್‌ಎಸ್ ಕಿಸ್ಟ್ನಾ ಅಂತಲೇ ಅದು ದಶಕಗಳ ಕಾಲ ದುಡಿಯಿತು. ತುಬಚಿ-ಬಬಲೇಶ್ವರ ಏತ ನೀರಾವರಿಯ ಪೈಪಿನಲ್ಲಿ ತಿಕೋಟಾ, ಬಬಲೇಶ್ವರದ ಕಡೆ ಹತ್ತಿ ಬರುವುದು ಅದೇ ಕೃಷ್ಣೆಯ ನೀರು. ದ್ರಾಕ್ಷಿ ಬಳ್ಳಿಗೆ ನೀರು ಬಿಡುವವನಿಗೆ ಆ ಹಡಗಿನ ಸುದ್ದಿ ಯಾರೂ ಹೇಳಿಲ್ಲ.

ಹೆಸರು ಬದಲಾಯಿಸುವುದು ಏನೆಂದು ನಮಗೆ ಗೊತ್ತು. 2014ರ ನವೆಂಬರ್ 1ರಂದು ಬಿಜಾಪುರ ವಿಜಯಪುರವಾಯಿತು, ಬೋರ್ಡು ಬದಲಾದವು, ಬಸ್ ಸ್ಟ್ಯಾಂಡಿನಲ್ಲಿ ಕೂಗುವವರು ಎರಡೂ ಹೆಸರು ಕೂಗಿದರು. ಹೆಸರಿನ ಬಗ್ಗೆ ನಡೆದಷ್ಟು ಚರ್ಚೆ ಊರೊಳಗಿನ ಮಂದಿಯ ಬಗ್ಗೆ ನಡೆಯಲಿಲ್ಲ. ಹಡಗಿನದೂ ಇದೇ ಕಥೆ. ಪ್ಯಾನ್ಸಿ ಎಂಬ ಹೂವಿನ ಹೆಸರಿಗೆ ಇಂಗ್ಲಿಷಿನಲ್ಲಿ ಹೆಣ್ಣಿಗ ಎಂಬ ಬೈಗುಳದ ಅರ್ಥವೂ ಇತ್ತು. ಆ ಹೆಸರಿನ ಒಂದು ಕಾರ್ವೆಟ್ ನೀರಿಗಿಳಿಯುವ ಮೊದಲೇ ಹಾರ್ಟ್ಸ್‌ಈಸ್ ಆಯಿತು. ಅದೇ ಗಿಡದ ಹಳೆಯ ಹೆಸರು, ಅರ್ಥ ಮನಸ್ಸಿನ ನೆಮ್ಮದಿ. 1942ರಲ್ಲಿ ಅಮೆರಿಕದವರು ಅದನ್ನು ಪಡೆದು ಕರೇಜ್, ಧೈರ್ಯ, ಅಂತ ಕರೆದರು. ಮೂರು ಹೆಸರಿನಲ್ಲೂ ಅದು ಅದೇ ರೀತಿ ಹೊರಳಾಡಿರಬೇಕು. ಕೆನಡಾದವರು ಮಾತ್ರ ಬೇರೆ ದಾರಿ ಹಿಡಿದರು. ತಮ್ಮ ಕಾರ್ವೆಟ್‌ಗಳಿಗೆ ಬಹುಮಟ್ಟಿಗೆ ಸಣ್ಣ ಊರುಗಳ ಹೆಸರಿಟ್ಟರು, ಆಯಾ ಊರಿನವರಿಗೆ ಇದು ನಮ್ಮ ಹಡಗು ಅನ್ನಿಸಲಿ ಅಂತ. ಇಡೀ ಜಾತಿಯಲ್ಲಿ ಇವತ್ತಿಗೂ ಉಳಿದಿರುವ ಒಂದೇ ಹಡಗು, ಹ್ಯಾಲಿಫ್ಯಾಕ್ಸ್ ಬಂದರಿನಲ್ಲಿರುವ ಸ್ಯಾಕ್‌ವಿಲ್, ಅಂಥ ಒಂದು ಊರಿನ ಹೆಸರಿನದೇ. ಕಾಪಾಡಿಕೊಳ್ಳಲು ಯಾರಿಗಾದರೂ ಒಂದು ನಂಟು ಬೇಕು.

ನಮ್ಮ ನಾವಿಕರಿಗೆ ಅಂಥ ಹಡಗು ಉಳಿದಿಲ್ಲ. ಒಂದು ಪುಸ್ತಕ ಇದೆ. ಎರಡನೇ ಮಹಾಯುದ್ಧದಲ್ಲಿ ಸಮುದ್ರದಲ್ಲೇ ಸತ್ತು ಗೋರಿಯೂ ಇಲ್ಲದ ಅವಿಭಜಿತ ಭಾರತದ ನಾವಿಕರ ಹೆಸರುಗಳನ್ನು ಬರೆದ ಸ್ಮಾರಕ ಗ್ರಂಥ ಅದು. ಮುಂಬಯಿಯ ಇಂಡಿಯನ್ ಸೀಮೆನ್ಸ್ ಹೋಮ್‌ನಲ್ಲಿ ಒಂದು ಪ್ರತಿ, ಬಾಂಗ್ಲಾದೇಶದ ಚಿತ್ತಗಾಂಗ್‌ನಲ್ಲಿ ಇನ್ನೊಂದು. ಸುಮಾರು ಆರು ಸಾವಿರ ಹೆಸರು, ಹೆಚ್ಚಿನವು ಕಲ್ಲಿದ್ದಲು ಎತ್ತಿದವರದ್ದು, ಅಡುಗೆ ಮಾಡಿದವರದ್ದು. ಆ ಪುಸ್ತಕದ ಒಂದು ಪುಟದಷ್ಟು ಮಂದಿಯನ್ನಾದರೂ ಹೆಸರಿಟ್ಟು ಕರೆಯುವ ಸಿನಿಮಾ ನಮ್ಮಲ್ಲಿ ಬಂದರೆ ‘ದಿ ಕ್ರೂಯೆಲ್ ಸೀ’ ಪಕ್ಕದಲ್ಲಿ ಇಡಬಹುದು. ಹಡಗಿಗೆ ಯಾವ ಹೆಸರಾದರೂ ಇರಲಿ, ಚೆಂಡುಹೂ ಅಂತಲೇ ಇರಲಿ.